ಅರ್ಧ ವಚನದ ಆಮಿಷ, ಪೂರ್ಣ ಓದಿನ ವಿವೇಕ

ಬೆಳಗ್ಗಿನ ಹೊತ್ತು ಡೊಂಬಿವಲಿ ರೈಲು ನಿಲ್ದಾಣದಲ್ಲಿ ಲೋಕಲ್ ಹತ್ತುವ ನಮ್ಮವರಿಗೆ ಈ ದೃಶ್ಯ ಹೊಸದಲ್ಲ. ಡಬ್ಬಿಯ ಒಂದು ಮೂಲೆಯಲ್ಲಿ ತಾಳ ಹಿಡಿದ ಭಜನಾ ಮಂಡಳಿ, ಕಿಟಕಿಯ ಪಕ್ಕ ಹನುಮಾನ್ ಚಾಲೀಸಾ ಓದುವ ಹಿರಿಯರು, ಬಾಗಿಲ ಬಳಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿದ ಪುಟ್ಟ ಕನ್ನಡ ಸತ್ಯವೇದ ಹಿಡಿದು ನಿಂತವರು. ಅದೇ ಡಬ್ಬಿಯ ಗೋಡೆಯ ಮೇಲೆ ಸಕಲ ಕಷ್ಟಕ್ಕೂ ಒಂದೇ ದಿನದಲ್ಲಿ ಪರಿಹಾರ ಕೊಡುವ ಬಾಬಾನ ಚೀಟಿ, ಅದರ ಕೆಳಗೆ ಮನೆಯಲ್ಲೇ ಕುಳಿತು ತಿಂಗಳಿಗೆ ಮೂವತ್ತು ಸಾವಿರ ದುಡಿಯಿರಿ ಎಂಬ ಇನ್ನೊಂದು ಚೀಟಿ. ಇವೆರಡೂ ಸಾಲದೆಂಬಂತೆ ಎಲ್ಲರ ಕಿಸೆಯಲ್ಲಿರುವ ಮೊಬೈಲಿಗೆ ಹಣ ದುಪ್ಪಟ್ಟು ಮಾಡಿಕೊಡುವ ಸಂದೇಶಗಳು.

ದೇವರ ವಾಕ್ಯವೂ ಆಮಿಷದ ವಾಕ್ಯವೂ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತವೆ ಎಂದರೆ ತಪ್ಪಾಗಲಾರದು. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ತುಳು ಕನ್ನಡಿಗರ ಪ್ರತಿಯೊಂದು ಮನೆಯ ಪ್ರಶ್ನೆ. ಈ ಪ್ರಶ್ನೆಗೆ ನಮ್ಮ ಕ್ರೈಸ್ತ ಬಾಂಧವರು ತಮ್ಮ ನಿತ್ಯದ ಬೈಬಲ್ ಓದಿನಲ್ಲಿ ಕಂಡುಕೊಂಡಿರುವ ಒಂದು ದಾರಿಯಿದೆ. ಆ ದಾರಿಯ ಪರಿಚಯ ಇತರರಿಗೂ ಆಗಲಿ ಎಂಬುದು ಈ ಲೇಖನದ ಆಶಯ.

ನಮ್ಮ ಕಣ್ಣೆದುರಿನ ಉದಾಹರಣೆಗಳು

ದೂರ ಹೋಗುವುದು ಬೇಡ. 2019ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಕೆಲವೇ ದಿನಗಳಿರುವಾಗ, ಡೊಂಬಿವಲಿ, ಥಾಣೆ ಮೊದಲಾದೆಡೆ ಮಳಿಗೆ ಹೊಂದಿದ್ದ ಗುಡ್‌ವಿನ್ ಜುವೆಲರ್ಸ್‌ನ ಬಾಗಿಲುಗಳು ಹಠಾತ್ತಾಗಿ ಮುಚ್ಚಿದವು. ತಿಂಗಳ ಕಂತು ಕಟ್ಟಿದವರು, ಠೇವಣಿ ಇಟ್ಟವರು ರಶೀದಿ ಹಿಡಿದು ಪೊಲೀಸ್ ಠಾಣೆಯ ಮುಂದೆ ಸಾಲುಗಟ್ಟಿದರು. ಮಗಳ ಮದುವೆಗೆಂದು ಕೂಡಿಟ್ಟವರು, ನಿವೃತ್ತಿಯ ಹಣ ಇಟ್ಟವರು ಆ ಸಾಲಿನಲ್ಲಿದ್ದರು. ಮಾಲೀಕ ಸಹೋದರರ ಬಂಧನವಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಐದು ವರ್ಷ ಕಳೆಯಿತು. ಪಾಠ ಕಲಿತೆವೇ? 2024ರಲ್ಲಿ ದಾದರ್, ತುರ್ಭೆ, ಕಲ್ಯಾಣ್, ಮೀರಾರೋಡ್ ಮೊದಲಾದೆಡೆ ಝಗಮಗಿಸುವ ದೀಪಗಳೊಂದಿಗೆ ಟೊರೆಸ್ ಎಂಬ ಹೆಸರಿನ ಆಭರಣ ಮಳಿಗೆಗಳು ತೆರೆದುಕೊಂಡವು. ವಜ್ರದಂತೆ ಹೊಳೆಯುವ ಮೊಯ್ಸನೈಟ್ ಕಲ್ಲು ಕೊಂಡವರಿಗೆ ವಾರಕ್ಕೆ ಶೇ. 6ರಷ್ಟು, ಮುಂದೆ ಅದಕ್ಕೂ ಹೆಚ್ಚಿನ ಲಾಭದ ಭರವಸೆ. ವಾರಕ್ಕೆ ಶೇ. 6 ಎಂದರೆ 52 ವಾರಕ್ಕೆ ಶೇ. 312. ಒಂದು ಲಕ್ಷ ರೂಪಾಯಿ ಕೊಟ್ಟವನಿಗೆ ವರ್ಷಕ್ಕೆ 3 ಲಕ್ಷ 12 ಸಾವಿರ ಬರೀ ಲಾಭ! ಬ್ಯಾಂಕಿನ ಠೇವಣಿಗೆ ವರ್ಷಕ್ಕೆ ಶೇ. 7 ಸಿಕ್ಕಿದರೆ ಸಂತೋಷಪಡುವ ನಮ್ಮವರಿಗೆ ಈ ಗುಣಾಕಾರ ತಿಳಿಯದ್ದೇನಲ್ಲ. ಮೂರನೆಯ ತರಗತಿಯ ಲೆಕ್ಕ ಇದು. ಆದರೂ ಸಾವಿರಾರು ಮಂದಿ ಕೊಟ್ಟರು. 2025ರ ಜನವರಿ ಮೊದಲ ವಾರದಲ್ಲಿ ಮಳಿಗೆಗಳು ಮುಚ್ಚಿದಾಗ ದಾದರ್‌ನಲ್ಲಿ ನೆರೆದ ಜನಸಾಗರವನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಣ ಕಳೆದುಕೊಂಡವರು ದಡ್ಡರಾಗಿರಲಿಲ್ಲ. ಅವರಿಗೆ ಹೇಳಿದ್ದೆಲ್ಲವೂ ಸುಳ್ಳಾಗಿರಲಿಲ್ಲ. ಮೊದಲ ಕೆಲವು ವಾರ ಹಣ ನಿಜವಾಗಿಯೂ ಖಾತೆಗೆ ಬಂತು. ಪಕ್ಕದ ಮನೆಯವರಿಗೂ ಬಂತು. ಅರ್ಧ ಸತ್ಯವಿತ್ತು. ಪೂರ್ಣ ಸುಳ್ಳನ್ನು ಯಾರೂ ಕೊಳ್ಳುವುದಿಲ್ಲ, ಅರ್ಧ ಸತ್ಯಕ್ಕೆ ಗಿರಾಕಿಗಳು ಬಹಳ. ಬೈಬಲಿನ ಮೊದಲ ಪುಟಗಳಿಂದಲೇ ಶುರುವಾಗುವ ಕಥೆಯೂ ಇದೇ.

ತೋಟದಲ್ಲಿ ಕೇಳಿದ ಪ್ರಶ್ನೆ

ಆದಿಕಾಂಡದ ಮೂರನೆಯ ಅಧ್ಯಾಯವನ್ನು ಕ್ರೈಸ್ತರಲ್ಲದವರೂ ಬಲ್ಲರು. ಏದೆನ್ ತೋಟ, ಹಣ್ಣು, ಹಾವು. ಆದರೆ ನಿಧಾನವಾಗಿ ಓದಿದವರಿಗೆ ಕಾಣುವ ಸೂಕ್ಷ್ಮವೊಂದಿದೆ. ಹಾವು ಬಂದೊಡನೆ ಹಣ್ಣನ್ನು ತೋರಿಸುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತದೆ. ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದು ನಿಜವೇ ಎಂಬರ್ಥದ ಪ್ರಶ್ನೆ. ದೇವರು ಹೇಳಿದ್ದು ಹಾಗಲ್ಲ. ಎಲ್ಲ ಮರಗಳನ್ನೂ ಕೊಟ್ಟು ಒಂದನ್ನು ಮಾತ್ರ ಬಿಡಲು ಹೇಳಿದ್ದು, ಹಿಂದಿನ ಅಧ್ಯಾಯದಲ್ಲೇ ಇದೆ. ಅಂದರೆ ಮನುಷ್ಯನಿಗೆ ಬಂದ ಮೊತ್ತಮೊದಲ ಶೋಧನೆ ಹಣ್ಣಿನ ರೂಪದಲ್ಲಿ ಬರಲಿಲ್ಲ, ತಿರುಚಿದ ಉದ್ಧರಣೆಯ ರೂಪದಲ್ಲಿ ಬಂತು. ಉತ್ತರ ಕೊಟ್ಟ ಹವ್ವಳೂ ಮೂಲದಲ್ಲಿಲ್ಲದ ಒಂದು ಮಾತನ್ನು ಸೇರಿಸುತ್ತಾಳೆ, ಮುಟ್ಟಲೂ ಬಾರದು ಎಂದು. ಒಬ್ಬರು ತಿರುಚಿದರು, ಇನ್ನೊಬ್ಬರಿಗೆ ಮೂಲ ಸರಿಯಾಗಿ ನೆನಪಿರಲಿಲ್ಲ. ಅಲ್ಲಿಗೆ ಅನರ್ಥವಾಯಿತು.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯ. ಯೇಸು 40 ದಿನ ಉಪವಾಸವಿದ್ದು ಹಸಿದಿದ್ದಾನೆ. ಸೈತಾನ ಮೂರು ಬಾರಿ ಬರುತ್ತಾನೆ. ಕಲ್ಲನ್ನು ರೊಟ್ಟಿ ಮಾಡಿಕೋ ಎನ್ನುತ್ತಾನೆ, ದೇವಾಲಯದ ತುದಿಯಿಂದ ಧುಮುಕು ಎನ್ನುತ್ತಾನೆ, ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುತ್ತೇನೆ ಎನ್ನುತ್ತಾನೆ. ಮೂರಕ್ಕೂ ಯೇಸು ಕೊಡುವ ಉತ್ತರ ಒಂದೇ ಗ್ರಂಥದಿಂದ, ಧರ್ಮೋಪದೇಶಕಾಂಡದ ಆರು ಮತ್ತು ಎಂಟನೆಯ ಅಧ್ಯಾಯಗಳಿಂದ. ಹೊಸದಾಗಿ ಏನನ್ನೂ ಹೇಳಲಿಲ್ಲ, ಪವಾಡವನ್ನೂ ಮಾಡಲಿಲ್ಲ. ಓದಿ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೊರಗೆ ತೆಗೆದ, ಅಷ್ಟೇ. ಅಡವಿಯಲ್ಲಿ ಕೈಯಲ್ಲಿ ಗ್ರಂಥದ ಸುರುಳಿ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಸಂಕಟ ಬಂದಾಗ ಪುಸ್ತಕ ಹುಡುಕಲು ಸಮಯವಿರುವುದಿಲ್ಲ, ಮೊದಲೇ ಓದಿದ್ದರೆ ಮಾತ್ರ ಒದಗುತ್ತದೆ.

ಇದಕ್ಕಿಂತ ದೊಡ್ಡ ಸೂಕ್ಷ್ಮ ಎರಡನೆಯ ಶೋಧನೆಯಲ್ಲಿದೆ. ಅಲ್ಲಿ ಸೈತಾನನೂ ಶಾಸ್ತ್ರವನ್ನೇ ಉದ್ಧರಿಸುತ್ತಾನೆ! ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು, ಕಾಲು ಕಲ್ಲಿಗೆ ತಗಲದು ಎಂಬ ಅಭಯ 91ನೆಯ ಕೀರ್ತನೆಯದು. ಸೈತಾನ ಹೇಳಿದ್ದು ಸುಳ್ಳಲ್ಲ. ಆದರೆ ಎಲ್ಲಿ ನಿಲ್ಲಿಸಿದ ಎಂಬುದನ್ನು ನೋಡಬೇಕು. ಅದೇ ಕೀರ್ತನೆಯ ಮುಂದಿನ ವಚನ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತನ್ನು ಆಡುತ್ತದೆ. ಸರ್ಪವನ್ನು ತುಳಿಯುವ ವಚನ ಬರುವ ಮುಂಚೆ ಸರಿಯಾಗಿ ಮಾತು ನಿಲ್ಲಿಸಿದ್ದಾನೆ!

ತಾಳಮದ್ದಲೆಯ ರುಚಿ ಬಲ್ಲ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬರುವ ಅರ್ಥಧಾರಿಗಳ ಸಂವಾದದಲ್ಲಿ ಎರಡೂ ಕಡೆಯವರು ಶಾಸ್ತ್ರವನ್ನೇ ಹೇಳುತ್ತಾರೆ. ಒಬ್ಬರು ಒಂದು ಶ್ಲೋಕ ಎತ್ತಿದರೆ ಇನ್ನೊಬ್ಬರು ಅದರ ಹಿಂದುಮುಂದನ್ನು ಎತ್ತಿ ಬಾಯಿ ಮುಚ್ಚಿಸುತ್ತಾರೆ. ಗೆಲ್ಲುವುದು ಪೂರ್ವಾಪರ ಬಲ್ಲವರು. ಅಡವಿಯಲ್ಲಿ ನಡೆದದ್ದೂ ಅಂಥದ್ದೇ ಒಂದು ಸಂವಾದ.

ಶೋಧನೆ ಎಂಬ ಮಾತು

ಕನ್ನಡ ಬೈಬಲಿನಲ್ಲಿ ಆಮಿಷಕ್ಕೆ ಬಳಸಿರುವ ಪದ 'ಶೋಧನೆ'. ಪ್ರತಿದಿನ ಹೇಳುವ ಕರ್ತನ ಪ್ರಾರ್ಥನೆಯಲ್ಲೂ ಇದೇ ಪದ. ಕೆಥೋಲಿಕರು ಹೇಳುವ ಪಾಠದಲ್ಲೂ ಪ್ರೊಟೆಸ್ಟಂಟರು ಹೇಳುವ ಪಾಠದಲ್ಲೂ ಈ ಪದ ಮಾತ್ರ ಒಂದೇ. ಶೋಧನೆ ಎಂದರೆ ಪರೀಕ್ಷೆ ಎಂದೂ ಹೌದು, ಹುಡುಕಾಟ ಎಂದೂ ಹೌದು, ಕಸವನ್ನು ತೆಗೆದು ಶುದ್ಧ ಮಾಡುವುದೆಂದೂ ಹೌದು. ಆಮಿಷ ನಮ್ಮನ್ನು ಶೋಧಿಸುತ್ತದೆ. ನಾವು ಸತ್ಯವನ್ನು ಶೋಧಿಸಬೇಕು. ಎರಡಕ್ಕೂ ಒಂದೇ ಪದವನ್ನು ನಮ್ಮ ಭಾಷೆ ಇಟ್ಟುಕೊಂಡಿದೆ. ನಾವು ಶೋಧಿಸದೆ ಹೋದರೆ ಅದು ನಮ್ಮನ್ನು ಶೋಧಿಸಿ ಸೋಲಿಸುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ಬೇರೆ ಯಾವ ಪದ ಹೇಳೀತು?

ನಮ್ಮ ಮನೆಯಲ್ಲಿ ನಡೆದದ್ದು

ಉಪದೇಶ ಮಾಡುವವನು ತನ್ನ ಕಥೆಯನ್ನೂ ಹೇಳಬೇಕಾಗುತ್ತದೆ. 2012ರ ಸುಮಾರಿಗೆ ನಮ್ಮ ವಾರದ ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದ, ನಮ್ಮದೇ ಊರ ಕಡೆಯ ಹಿತೈಷಿಯೊಬ್ಬರು ಒಂದು ಯೋಜನೆ ತಂದರು. ಹದಿನೆಂಟು ತಿಂಗಳಲ್ಲಿ ಹಣ ಎರಡು ಪಟ್ಟು. ಕೂಟ ಮುಗಿದು ಚಹಾ ಕುಡಿಯುವಾಗ ಅವರು ಸತ್ಯವೇದವನ್ನೇ ತೆರೆದರು. ಮತ್ತಾಯ 25ನೆಯ ಅಧ್ಯಾಯ, ತಲಾಂತುಗಳ ಸಾಮ್ಯ. ಐದು ತಲಾಂತು ಪಡೆದ ಸೇವಕ ಇನ್ನೂ ಐದು ಸಂಪಾದಿಸಿ ತಂದ, ಯಜಮಾನ ಮೆಚ್ಚಿದ, ಹೂತಿಟ್ಟವನಿಗೆ ಬೈಗುಳ ಸಿಕ್ಕಿತು ಎಂದು ಓದಿ ಪುಸ್ತಕ ಮುಚ್ಚಿದರು. 'ಬ್ಯಾಂಕಿನಲ್ಲಿ ಇಡುವುದೂ ಹೂತಿಡುವುದೂ ಒಂದೇ' ಎಂದರು. ನನಗೆ ಅದು ದೇವರೇ ಹೇಳಿದಂತೆ ಕೇಳಿಸಿತು. ಅಲ್ಲಿಯೇ 25 ಸಾವಿರಕ್ಕೆ ಚೆಕ್ ಬರೆದೆ. ಮಗಳ ಕಾಲೇಜಿಗೆಂದು ಇಟ್ಟಿದ್ದ 3 ಲಕ್ಷದ ಠೇವಣಿಯನ್ನು ಸೋಮವಾರ ಬ್ಯಾಂಕಿಗೆ ಹೋಗಿ ಮುರಿಸುವುದೆಂದು ನಿರ್ಧರಿಸಿದೆ.

ಭಾನುವಾರ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಓದುವ ಸರದಿ ಹೆಂಡತಿಯದು. 'ಅವರು ಅಧ್ಯಾಯವನ್ನು ಅರ್ಧಕ್ಕೇ ಬಿಟ್ಟರಲ್ಲ, ಮುಗಿಸಿಬಿಡೋಣ' ಎಂದು ಮೊದಲಿನಿಂದ ಓದಿದಳು. ಸಾಮ್ಯದ ಮುಂದೆ ಬರುವುದು ಕುರಿ ಮತ್ತು ಆಡುಗಳ ನ್ಯಾಯತೀರ್ಪು. ಹಸಿದವರಿಗೆ ಅನ್ನ ಕೊಟ್ಟದ್ದು, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಟ್ಟದ್ದು, ಸೆರೆಯಲ್ಲಿದ್ದವರನ್ನು ಕಂಡುಬಂದದ್ದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಇಲ್ಲಿ ಯಾರೂ ಯಾರಿಗೂ ದುಪ್ಪಟ್ಟು ಕೊಡುತ್ತೇನೆಂದು ಮಾತು ಕೊಟ್ಟಿಲ್ಲವಲ್ಲ? ಸೇವಕರು ದುಡಿದರು. ನಾವು ಏನು ದುಡಿಯುತ್ತೇವೆ?' ಇನ್ನೊಂದು ಮಾತನ್ನೂ ತೋರಿಸಿದಳು. ಹೂತಿಟ್ಟವನಿಗೆ ಯಜಮಾನ ಹೇಳುವುದು, ಕೊನೆಗೆ ಸಾಹುಕಾರರ ಹತ್ತಿರವಾದರೂ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು ಎಂದು. ಬ್ಯಾಂಕಿನಲ್ಲಿ ಇಡುವುದೂ ಹೂತಿಡುವುದೂ ಒಂದೇ ಎಂಬ ಮಾತಿಗೆ ಅದೇ ಸಾಮ್ಯದಲ್ಲೇ ಉತ್ತರವಿತ್ತು. ಓದಿದವರು ಬಿಟ್ಟು ಓದಿದ್ದರು, ಕೇಳಿದ ನಾನು ಬಿಟ್ಟು ಕೇಳಿದ್ದೆ.

ಸೋಮವಾರ ಬ್ಯಾಂಕಿಗೆ ಹೋಗಲಿಲ್ಲ. ಕೆಲವೇ ತಿಂಗಳಲ್ಲಿ ಆ ಯೋಜನೆಯ ಕಚೇರಿಗೆ ಬೀಗ ಬಿತ್ತು. 25 ಸಾವಿರ ಹೋಯಿತು, ಮಗಳ ಓದು ಉಳಿಯಿತು. ಯೋಜನೆ ತಂದ ಆ ಹಿತೈಷಿ ಮೋಸಗಾರರಲ್ಲ. ತಮ್ಮ ನಿವೃತ್ತಿಯ ಹಣವನ್ನೆಲ್ಲ ಅವರೂ ಅದರಲ್ಲೇ ಹಾಕಿದ್ದರು. ನಾಚಿಕೆಯಿಂದ ಕೂಟಕ್ಕೆ ಬರುವುದನ್ನು ಬಿಟ್ಟರು. ಮನೆಗೆ ಹೋಗಿ ಕರೆದುಕೊಂಡು ಬರಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಅದರ ನಂತರ ನಮ್ಮ ಕೂಟದಲ್ಲಿ ಒಂದು ನಿಯಮ ಬಂತು: ಓದಿದರೆ ಅಧ್ಯಾಯ ಪೂರ್ತಿ, ಅರ್ಧಕ್ಕೆ ಪುಸ್ತಕ ಮುಚ್ಚುವಂತಿಲ್ಲ.

ಬೆರೋಯದವರ ಮಾದರಿ

ಈ ನಿಯಮಕ್ಕೆ ಆಧಾರ ಬೈಬಲಿನಲ್ಲೇ ಇದೆ. ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನ ಜನರ ಪ್ರಸ್ತಾಪ ಬರುತ್ತದೆ. ಪೌಲನಂಥ ಪೌಲನೇ ಬಂದು ಬೋಧಿಸಿದಾಗ ಅವರು ಸಿದ್ಧಮನಸ್ಸಿನಿಂದ ಕೇಳಿದರು, ಆದರೆ ಕೇಳಿ ಸುಮ್ಮನಾಗಲಿಲ್ಲ. ಇವನು ಹೇಳುವುದು ಹೌದೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರಗಳನ್ನು ತೆರೆದು ನೋಡಿದರು. ಅದಕ್ಕಾಗಿ ಗ್ರಂಥ ಅವರನ್ನು ಗದರುವುದಿಲ್ಲ, ಹೊಗಳುತ್ತದೆ. ಗುರುಗಳು ಹೇಳಿದ್ದನ್ನು ಪರೀಕ್ಷಿಸುವುದು ಗುರುದ್ರೋಹವಲ್ಲ, ಅದು ಶ್ರದ್ಧೆಯ ಲಕ್ಷಣ ಎಂಬುದು ಅಲ್ಲಿನ ಧ್ವನಿ. ದಿನದಿನವೂ ಎಂಬ ಮಾತಿಗೂ ತೂಕವಿದೆ. ಲೂಕನ ಸುವಾರ್ತೆಯ ಪ್ರಕಾರ ಅಡವಿಯಲ್ಲಿ ಸೋತ ಸೈತಾನ ಶಾಶ್ವತವಾಗಿ ಹೋಗಲಿಲ್ಲ, ತಕ್ಕ ಸಮಯ ಬರುವ ತನಕ ಹೋದ. ಆಮಿಷಕ್ಕೆ ರಜೆಯಿಲ್ಲದಿರುವಾಗ ಓದಿಗೆ ಮಾತ್ರ ರಜೆ ಕೊಟ್ಟರೆ ಹೇಗೆ?

ಪೂರ್ತಿ ಓದದಿದ್ದರೆ ಒಳ್ಳೆಯ ವಚನವೂ ಹೇಗೆ ಕೆಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. ಹಣವೇ ಸಕಲ ಕೇಡಿನ ಮೂಲ ಎಂದು ಬೈಬಲ್ ಹೇಳುತ್ತದೆಂದು ಅನೇಕರು ತಿಳಿದಿದ್ದಾರೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯ ತೆರೆದರೆ ಅಲ್ಲಿ ದೂಷಣೆಗೆ ಒಳಗಾಗಿರುವುದು ಹಣವಲ್ಲ, ಹಣದ ಮೇಲಿನ ಆಸೆ. ಅದೇ ಅಧ್ಯಾಯದ ಕೊನೆಯಲ್ಲಿ ಐಶ್ವರ್ಯವಂತರಿಗೆ ಉದಾರವಾಗಿ ಹಂಚಿ ಬಾಳಿರಿ ಎಂಬ ಬುದ್ಧಿಮಾತೂ ಇದೆ. ಹೋಟೆಲು, ಕಚೇರಿ, ಕಾರ್ಖಾನೆಗಳಲ್ಲಿ ಬೆವರು ಸುರಿಸಿ ನಾಲ್ಕು ಕಾಸು ಕಂಡ ನಮ್ಮವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕನ್ನಡದಲ್ಲಿ ಓದುವ ಭಾಗ್ಯ

ಹೀಗೆ ಪೂರ್ವಾಪರ ನೋಡಿ ಓದಲು ತಾಯ್ನುಡಿಯಲ್ಲಿ ಗ್ರಂಥ ಬೇಕು. ಅದು ನಮಗೆ ಸುಲಭವಾಗಿ ಬಂದದ್ದಲ್ಲ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕುಳಿತರು. ಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಗುವಾಗ 1831ನೆಯ ಇಸವಿ. ಎರಡು ದಶಕಗಳ ದುಡಿಮೆ. ಮುಂದೆ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗ್, ಗಾಟ್‌ಫ್ರೀಡ್ ವೈಗಲೆಯಂಥವರು ಹಿಂದಿನ ಅನುವಾದವನ್ನು ಮತ್ತೆ ಮತ್ತೆ ತಿದ್ದಿದರು. ಒಮ್ಮೆ ಬರೆದದ್ದೇ ಅಂತಿಮ ಎನ್ನದೆ ಮೂಲಕ್ಕೆ ಹೋಲಿಸಿ ತಿದ್ದುವುದೂ ಒಂದು ಬಗೆಯ ಸತ್ಯಶೋಧನೆಯೇ.

ಮುಂಬಯಿ ಕನ್ನಡಿಗರಿಗೆ ಹೆಮ್ಮೆ ತರುವ ಸಂಗತಿಯೊಂದು ಇಲ್ಲಿದೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಆರಂಭಕ್ಕೆ ಬೇಕಾದ ಕಲ್ಲಚ್ಚಿನ ಯಂತ್ರವನ್ನು ವೈಗಲೆ 1841ರಲ್ಲಿ ತಂದದ್ದು ನಮ್ಮ ಈ ಮುಂಬಯಿಯಿಂದ. ಆ ಕಲ್ಲಚ್ಚಿನಲ್ಲೇ 1843ರ ಜುಲೈ 1ರಂದು ಮೋಗ್ಲಿಂಗ್ ಸಂಪಾದಕತ್ವದ 'ಮಂಗಳೂರ ಸಮಾಚಾರ' ಹೊರಬಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿಯಾಯಿತು. ಬೈಬಲ್ ತಿದ್ದಿದ ಅದೇ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳ ಸಂಗ್ರಹವನ್ನೂ ಅಚ್ಚು ಹಾಕಿಸಿದರು. ಇಂದು ನಮ್ಮ ಭಜನಾ ಮಂಡಳಿಗಳಲ್ಲಿ ಹಾಡುವ ದಾಸಸಾಹಿತ್ಯ ಅಚ್ಚಿನ ಮುಖ ಕಂಡದ್ದರಲ್ಲಿ ಆ ಪಾದ್ರಿಯ ಪಾಲಿದೆ. ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ 1853ರಲ್ಲೇ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಕಷ್ಟದ ಪದ ಎದುರಾದಾಗ ಇಂದಿಗೂ ತೆರೆಯುವುದು ಅದನ್ನೇ.

ಈ ಗ್ರಂಥ ಮುಂಬಯಿಗೆ ಬಂದದ್ದು ವಲಸೆಗಾರರ ಟ್ರಂಕಿನಲ್ಲಿ. ಮಂಗಳೂರು, ಉಡುಪಿ, ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಬಾಸೆಲ್ ಮಿಶನ್ ಪರಂಪರೆಯವರು, ಬೀದರ್, ಬೆಳಗಾವಿ ಕಡೆಯ ಮೆಥೊಡಿಸ್ಟರು ತಮ್ಮ ಸತ್ಯವೇದ ತಂದರು. ಕರಾವಳಿಯ ಕೆಥೋಲಿಕರ ಮನೆಮಾತು ಕೊಂಕಣಿ, ಆದರೆ ಲಿಪಿ ಕನ್ನಡ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಅಂಚೆಯ ಮೂಲಕ ಇಲ್ಲಿನ ಎಷ್ಟೋ ಮನೆಗಳಿಗೆ ಊರನ್ನು ತಂದಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯರೂ ಬೈಬಲನ್ನು ತಾವೇ ಓದಬೇಕೆಂದು ಒತ್ತಿ ಹೇಳಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ವರ್ಷಕ್ಕೊಂದು ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು.

ಆದರೆ ಇಂದಿನ ಸ್ಥಿತಿ? ಅಜ್ಜಿಯ ಸತ್ಯವೇದ ಶೋಕೇಸಿನಲ್ಲಿದೆ. ಮೊಮ್ಮಗನಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಅವನು ಇಂಗ್ಲಿಷಿನಲ್ಲಿ ಓದಲಿ, ತಪ್ಪಿಲ್ಲ. ಆದರೆ ಅಜ್ಜಿಯೂ ಮೊಮ್ಮಗನೂ ಒಂದೇ ಪುಟವನ್ನು ನೋಡಿ ಮಾತಾಡುವ ಸಂದರ್ಭ ತಪ್ಪಿಹೋಗಿದೆ. ಅಜ್ಜಿಗೆ ಬಂದ ಮೋಸದ ಕರೆಯನ್ನು ಮೊಮ್ಮಗನಿಗೆ ಹೇಳುವ, ಮೊಮ್ಮಗ ಮೊಬೈಲಿನಲ್ಲಿ ಕಳೆದುಕೊಂಡ ಹಣವನ್ನು ಅಜ್ಜಿಗೆ ಹೇಳುವ ಹೊತ್ತೂ ಅದರೊಂದಿಗೆ ತಪ್ಪಿದೆ.

ಓದುವುದು ಹೇಗೆ?

ಬೈಬಲ್ ದೊಡ್ಡ ಗ್ರಂಥ ಎಂದು ಅಂಜುವವರಿಗೆ ಸರಳ ಲೆಕ್ಕವಿದೆ. ಪ್ರೊಟೆಸ್ಟಂಟರ ಬೈಬಲಿನಲ್ಲಿ ಒಟ್ಟು 1189 ಅಧ್ಯಾಯಗಳು. ವಾರದ ದಿನ ಮೂರು, ಭಾನುವಾರ ಐದು ಅಧ್ಯಾಯ ಓದಿದರೆ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಹೊಸಬರಿಗೆ ಅಷ್ಟು ಬೇಡ. ನಾಲ್ಕು ಸುವಾರ್ತೆಗಳಲ್ಲಿ ಒಟ್ಟು 89 ಅಧ್ಯಾಯ, ದಿನಕ್ಕೊಂದರಂತೆ ಮೂರು ತಿಂಗಳು ಸಾಕು. ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯ. ತಿಂಗಳ ತಾರೀಕು ಎಷ್ಟೋ ಆ ಅಧ್ಯಾಯ ಓದುವ ರೂಢಿ ಅನೇಕ ಮನೆಗಳಲ್ಲಿದೆ. 13ನೆಯ ತಾರೀಕಿಗೆ ಬರುವ ಅಧ್ಯಾಯದಲ್ಲಿ ಆತುರದಿಂದ ಕೂಡಿದ ಧನ ಕರಗುತ್ತದೆ, ಸ್ವಲ್ಪಸ್ವಲ್ಪವಾಗಿ ಕೂಡಿಸಿದ್ದು ಬೆಳೆಯುತ್ತದೆ ಎಂಬ ತಾತ್ಪರ್ಯದ ಮಾತಿದೆ. ಮರುದಿನದ ಅಧ್ಯಾಯದಲ್ಲಿ ಮುಗ್ಧನು ಎಲ್ಲ ಮಾತನ್ನೂ ನಂಬುವನು, ಜಾಣನು ಹೆಜ್ಜೆ ನೋಡಿ ಇಡುವನು ಎಂಬ ತಾತ್ಪರ್ಯದ ಮಾತಿದೆ. ಟೊರೆಸ್ ಮಳಿಗೆಯ ಸಾಲಿನಲ್ಲಿ ನಿಂತವರಿಗೆ ಈ ಎರಡು ದಿನಗಳ ಓದು ಸಾಕಾಗುತ್ತಿತ್ತು.

ಕಲ್ಯಾಣ್, ಡೊಂಬಿವಲಿಯಿಂದ ಮುಂಬಯಿ ತಲಪಲು ವೇಗದ ಲೋಕಲ್‌ನಲ್ಲೂ ಗಂಟೆಯ ಪ್ರಯಾಣ. ಒಂದು ಅಧ್ಯಾಯಕ್ಕೆ ಹತ್ತು ನಿಮಿಷ ಸಾಕು. ಥಾಣೆ ಬರುವ ಮುಂಚೆಯೇ ಮುಗಿದೀತು.

ಓದುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುವ ಪದ್ಧತಿ ಒಳ್ಳೆಯದು. ಈ ಮಾತನ್ನು ಹೇಳಿದವರು ಯಾರು? ಯಾರಿಗೆ ಹೇಳಿದರು? ಇದರ ಹಿಂದೆ ಏನಿದೆ? ಮುಂದೆ ಏನಿದೆ? ಆರು ತಿಂಗಳು ಇದನ್ನು ರೂಢಿಸಿಕೊಂಡವರಿಗೆ ಪೇಟೆಯಲ್ಲೂ ಅದೇ ಪ್ರಶ್ನೆಗಳು ತಾವಾಗಿ ಬಾಯಿಗೆ ಬರುತ್ತವೆ. ಯೋಜನೆ ಯಾರದು? ರಿಸರ್ವ್ ಬ್ಯಾಂಕ್ ಅಥವಾ ಸೆಬಿಯಲ್ಲಿ ನೋಂದಣಿ ಇದೆಯೇ? ಲಾಭ ಎಲ್ಲಿಂದ ಬರುತ್ತದೆ? ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ? ಇಂಥ ಠೇವಣಿಗಳ ಬಗ್ಗೆ ವಿಚಾರಿಸಲು, ದೂರು ಕೊಡಲು ರಿಸರ್ವ್ ಬ್ಯಾಂಕ್ 2016ರಲ್ಲಿ 'ಸಚೇತ್' ಎಂಬ ಜಾಲತಾಣ ತೆರೆದಿದೆ. ಅನಧಿಕೃತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2019ರಲ್ಲಿ ಬಂದಿದೆ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿದರೆ ಅಂಥದ್ದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ ಎಂಬುದನ್ನು ಹಿರಿಯರಿಗೆ ಹೇಳಿಡಬೇಕು. ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿದೆ. ಆದರೆ ಕಾನೂನು ಬಾಗಿಲಿನ ಹೊರಗೆ ಕಾವಲು ನಿಲ್ಲಬಲ್ಲದು, ಮನಸ್ಸಿನ ಒಳಗಲ್ಲ.

ತಾಯಿತವಲ್ಲ, ಅಭ್ಯಾಸ

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೈಬಲ್ ಓದುವವರೆಲ್ಲ ಮೋಸಹೋಗುವುದಿಲ್ಲ ಎಂದು ಯಾರೂ ಬೀಗಬಾರದು. ಓದುತ್ತಿದ್ದ ನಾನೇ 25 ಸಾವಿರ ಕಳೆದುಕೊಂಡೆ. ಪುಸ್ತಕ ದಿಂಬಿನ ಕೆಳಗಿಟ್ಟು ಮಲಗಿದರೆ ಅದು ತಾಯಿತವಾಗುವುದಿಲ್ಲ. ಹನ್ನೊಂದು ಮಂದಿಗೆ ಕಳುಹಿಸಿದರೆ ಶುಭವಾಗುವುದೆಂದು ಮೊಬೈಲಿಗೆ ಬರುವ ವಚನವನ್ನು ಮುಂದೆ ತಳ್ಳುವುದೂ ಓದಲ್ಲ. ರೋಗ ವಾಸಿಯಾಗುವುದೆಂದು, ಸಾಲ ತೀರುವುದೆಂದು ಒಂದೇ ವಚನ ಹಿಡಿದು ಕಾಣಿಕೆ ಕೇಳುವ ಬೋಧಕರು ಬಂದಾಗಲೂ ಅಧ್ಯಾಯ ಪೂರ್ತಿ ತೆರೆಯುವ ಧೈರ್ಯ ನಮಗಿರಬೇಕು. ಆಮಿಷ ಅಪರಿಚಿತರಿಂದ ಬರುವುದು ಕಡಿಮೆ. ನಮ್ಮ ಊರಿನವರು, ನಮ್ಮ ಜಾತಿಯವರು, ನಮ್ಮ ಸಂಘದವರು, ನಮ್ಮ ಪ್ರಾರ್ಥನೆಯವರು ಎಂಬ ನಂಬಿಕೆಯ ಮೇಲೆಯೇ ಅದು ಸವಾರಿ ಮಾಡುತ್ತದೆ. ಪ್ರೀತಿ ಇರಲಿ, ಜತೆಗೆ ಪರೀಕ್ಷೆಯೂ ಇರಲಿ.

ಸಂಘ ಸಂಸ್ಥೆಗಳಿಗೆ ಒಂದು ವಿನಂತಿ. ಡೊಂಬಿವಲಿಯಿಂದ ವಾಶಿಯವರೆಗೆ ನಮ್ಮ ಕನ್ನಡ ಸಂಘಗಳು ಯಕ್ಷಗಾನ, ನಾಟಕ, ಅರಸಿನ ಕುಂಕುಮ, ವಿದ್ಯಾರ್ಥಿವೇತನ ಎಂದು ವರ್ಷವಿಡೀ ದುಡಿಯುತ್ತಿವೆ. ಅದರೊಂದಿಗೆ ತಿಂಗಳಿಗೊಂದು ಸಂಜೆ ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ಕನ್ನಡದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಬಾರದೇಕೆ? ಒಂದು ಬಾರಿ ವಚನ, ಒಂದು ಬಾರಿ ದಾಸರ ಪದ, ಒಂದು ಬಾರಿ ಸತ್ಯವೇದದ ಸಾಮ್ಯ. ಯಾವುದಾದರೂ ಆಗಲಿ, ಪೂರ್ತಿ ಓದಲಿ, ಹಿಂದುಮುಂದು ಕೇಳಲಿ. ಅಕ್ಷರವೂ ಉಳಿದೀತು, ವಿವೇಕವೂ ಬೆಳೆದೀತು.

ನಮ್ಮ ಕೂಟಕ್ಕೆ ಮರಳಿ ಬಂದ ಆ ಹಿರಿಯ ಹಿತೈಷಿ ಈಗ ಓದುವ ಸರದಿ ತಮ್ಮದಾದಾಗ ಕನ್ನಡಕ ಸರಿಮಾಡಿಕೊಂಡು ಮೊದಲು ಒಂದು ಮಾತು ಕೇಳುತ್ತಾರೆ: 'ಅಧ್ಯಾಯದ ಕೊನೆ ಎಲ್ಲಿದೆ, ಮೊದಲೇ ನೋಡಿಕೊಳ್ಳಿ.' ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ. ಆಮೇಲೆ ಕೊನೆಯ ವಚನದವರೆಗೆ ಓದುತ್ತಾರೆ.